ಪಂಕ್ತಿಯಲ್ಲಿ ಹುಟ್ಟಿದ ಪಾಪ

ಸದ್ಭಕ್ತರೇ, ಮಠದ ಅನ್ನವನ್ನುಂಡು ಅಕ್ಷರ ಕಲಿತ ಹಳೆಯ ವಿದ್ಯಾರ್ಥಿ ಬಂಧುಗಳೇ,

"ಧರ್ಮಸಂಸ್ಥೆಗಳಿಗೆ ಲೋಕದ ಜಗಳದ ಗೊಡವೆ ಏಕೆ? ಗುರುಗಳಾದವರು ಪೂಜೆ, ಪ್ರವಚನ, ದಾಸೋಹಗಳನ್ನು ನೋಡಿಕೊಂಡರೆ ಸಾಲದೆ? ಕಾನೂನು, ಕೂಲಿ, ಹಕ್ಕುಬಾಧ್ಯತೆಗಳ ಮಾತನ್ನು ರಾಜಕಾರಣಿಗಳಿಗೆ ಬಿಟ್ಟುಬಿಡಬಾರದೆ?" ಎಂದು ಕೇಳುವವರು ಎಲ್ಲ ಮತಗಳಲ್ಲಿಯೂ ಉಂಟು. ಹೀಗೆ ಕೇಳುವವರೆಲ್ಲ ಕೆಟ್ಟವರೆಂದು ನಾವು ಹೇಳುವುದಿಲ್ಲ. ಧರ್ಮಪೀಠದ ಗೌರವಕ್ಕೆ ಕುಂದು ಬಾರದಿರಲೆಂಬ ಕಳಕಳಿಯೇ ಅನೇಕರ ಬಾಯಲ್ಲಿ ಈ ಪ್ರಶ್ನೆಯಾಗಿ ಹೊರಡುತ್ತದೆ. ಆದರೆ ಈ ಪ್ರಶ್ನೆಯ ಬುಡದಲ್ಲಿಯೇ ಒಂದು ತಪ್ಪೆಣಿಕೆ ಅಡಗಿದೆ. ಧರ್ಮಸಂಸ್ಥೆಯು ಸುಮ್ಮನಿದ್ದಾಗ ಲೋಕವ್ಯವಹಾರದ ಹೊರಗಿರುತ್ತದೆ, ಮಾತನಾಡಿದಾಗ ಮಾತ್ರ ಅದರೊಳಗೆ ಕಾಲಿಡುತ್ತದೆ ಎಂಬುದೇ ಆ ಎಣಿಕೆ. ಇದು ಎಷ್ಟು ಪೊಳ್ಳೆಂಬುದನ್ನು ದಕ್ಷಿಣ ಆಫ್ರಿಕದ ಕ್ರೈಸ್ತ ಚರ್ಚುಗಳ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರುವ ನಿದರ್ಶನ ವಿರಳ. ಪರಮತದ, ಪರದೇಶದ ಸಂಗತಿ ನಮಗೇಕೆಂದು ಪುಟ ಮಗುಚಬೇಡಿರಿ. ನೆರೆಮನೆಗೆ ಬೆಂಕಿ ಬಿದ್ದಾಗ ತನ್ನ ಮನೆಯ ಸೂರನ್ನು ನೋಡಿಕೊಳ್ಳುವವನೇ ಜಾಣ.

ಆ ದೇಶದ ಡಚ್ ಸುಧಾರಿತ ಚರ್ಚು ಬಿಳಿಯರಾದ ಆಫ್ರಿಕಾನರ್ ಜನರ ಮುಖ್ಯ ಧರ್ಮಸಂಸ್ಥೆ. ಕ್ರೈಸ್ತರಲ್ಲಿ ಪ್ರಭುಭೋಜನವೆಂಬ ಸಂಸ್ಕಾರವೊಂದಿದೆ. ಭಕ್ತರೆಲ್ಲರೂ ಒಂದೇ ಮೇಜಿನ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಂಡು, ತಾವು ಒಂದೇ ದೇಹದ ಅಂಗಗಳೆಂದು ಒಪ್ಪಿಕೊಳ್ಳುವ ಪವಿತ್ರ ಸಂದರ್ಭವದು. ನಮ್ಮ ನುಡಿಯಲ್ಲಿ ಹೇಳುವುದಾದರೆ ಅದೇ ಅವರ ಪಂಕ್ತಿ, ಅದೇ ಅವರ ಪ್ರಸಾದ. 1829ರಲ್ಲಿ ಈ ಚರ್ಚಿನ ಮಹಾಸಭೆಯು ಆ ಭೋಜನವನ್ನು ವರ್ಣಭೇದವೆಣಿಸದೆ ಎಲ್ಲರಿಗೂ ಒಟ್ಟಿಗೇ ನೀಡತಕ್ಕದ್ದೆಂದು ನಿರ್ಣಯಿಸಿತ್ತು. ಅಷ್ಟಕ್ಕೇ ನಿಂತಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತೇನೋ! ಆದರೆ ಬಿಳಿಯ ಭಕ್ತರಲ್ಲಿ ಕೆಲವರು ವರ್ಣೀಯರೊಡನೆ ಕೂಡಿ ಪ್ರಭುಭೋಜನ ಸ್ವೀಕರಿಸಲು ಒಪ್ಪಲಿಲ್ಲ. ಆಗ 1857ರ ಮಹಾಸಭೆ ಮಾಡಿದ್ದೇನು? ಎಲ್ಲರೂ ಒಂದೇ ಸಭೆಯಲ್ಲಿ ಕೂಡುವುದೇ ಅಪೇಕ್ಷಣೀಯ, ಅದೇ ಶಾಸ್ತ್ರಸಮ್ಮತ ಎಂದು ಮೊದಲು ಸಾರಿತು. ಮರುವಾಕ್ಯದಲ್ಲಿಯೇ, ಕೆಲವರ ದೌರ್ಬಲ್ಯದ ನಿಮಿತ್ತ ಅದು ಧರ್ಮಕಾರ್ಯಕ್ಕೆ ಅಡ್ಡಿಯಾಗುವ ಕಡೆಗಳಲ್ಲಿ ಹೊಸದಾಗಿ ಸೇರಿದವರಿಗೆ ಪ್ರತ್ಯೇಕ ಕಟ್ಟಡದಲ್ಲಿ ಆರಾಧನೆ ನಡೆಸಬಹುದೆಂದು ಸಡಿಲಿಕೆ ನೀಡಿತು.

ಯಾರ ದೌರ್ಬಲ್ಯ, ಯಾರಿಗೆ ದಂಡ? ದುರ್ಬಲರಾಗಿದ್ದವರು ಕೂಡಿ ಉಣ್ಣಲಾರದ ಬಿಳಿಯರು. ಎದ್ದು ಹೋಗಬೇಕಾದವರು ವರ್ಣೀಯರು. ಗುರುಗಳು ತತ್ತ್ವವನ್ನು ಅಲ್ಲಗಳೆಯಲಿಲ್ಲ. ತತ್ತ್ವವನ್ನು ಗದ್ದುಗೆಯ ಮೇಲಿಟ್ಟು ಕೈಮುಗಿದು, ಆಚರಣೆಯನ್ನು ಭಕ್ತರ ಮರ್ಜಿಗೆ ಒಪ್ಪಿಸಿದರು. ತಾತ್ಕಾಲಿಕವೆಂದು ಕೊಟ್ಟ ಆ ಸಡಿಲಿಕೆಯು 1881ರಲ್ಲಿ ವರ್ಣೀಯರಿಗೆಂದೇ ಪ್ರತ್ಯೇಕ ಚರ್ಚಾಗಿ ಬೇರುಬಿಟ್ಟಿತು. ಮುಂದೆ ಕರಿಯರಿಗೊಂದು, ಭಾರತೀಯರಿಗೊಂದು ಎಂದು ಕವಲೊಡೆಯಿತು. ಕಾಲಕ್ರಮದಲ್ಲಿ ಪಂಡಿತರು ಈ ವಿಂಗಡಣೆಯನ್ನು ದೇವರ ಸಂಕಲ್ಪವೆಂದೇ ಬೋಧಿಸತೊಡಗಿದರು. ದೌರ್ಬಲ್ಯವು ರೂಢಿಯಾಯಿತು, ರೂಢಿಯು ಸಿದ್ಧಾಂತವಾಯಿತು, ಸಿದ್ಧಾಂತವು ಶಾಸನವಾಯಿತು. 1948ರಲ್ಲಿ ವರ್ಣಭೇದ ನೀತಿಯ ಹೆಸರಿನಲ್ಲಿಯೇ ಚುನಾವಣೆ ಗೆದ್ದು ಪ್ರಧಾನಿಯಾದ ಡಿ. ಎಫ್. ಮಲಾನ್ ಹಿಂದೆ ಇದೇ ಚರ್ಚಿನ ಪಾದ್ರಿಯಾಗಿದ್ದವರು. ಬಿಳಿಯರಿಗೂ ಇತರರಿಗೂ ವಿವಾಹವಾಗದಂತೆ ನಿಷೇಧಿಸಬೇಕೆಂದು ಸರ್ಕಾರವನ್ನು ಒತ್ತಾಯಿಸಿದವರಲ್ಲಿ ಈ ಚರ್ಚೂ ಇತ್ತು. 1949ರಲ್ಲಿ ಆ ನಿಷೇಧ ಕಾನೂನಾಯಿತು. ಮರುವರ್ಷ ಯಾರು ಯಾವ ಬಡಾವಣೆಯಲ್ಲಿ ವಾಸಿಸಬೇಕೆಂಬುದನ್ನೂ ಚರ್ಮದ ಬಣ್ಣವೇ ತೀರ್ಮಾನಿಸುವಂತಾಯಿತು.

ವಾಚಕರೇ, ಇಲ್ಲಿ ಒಂದು ಕ್ಷಣ ನಿಲ್ಲಿರಿ. ಧರ್ಮಸಂಸ್ಥೆಯು ರಾಜಕೀಯಕ್ಕೆ ಕೈಹಾಕಿದ್ದು ಯಾವಾಗ? ಡೆಸ್ಮಂಡ್ ಟೂಟೂ ಎಂಬ ಬಿಷಪ್ಪರು ಬೀದಿಗಿಳಿದಾಗಲೇ? ಅಲ್ಲ. ಅದಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮೊದಲು, ಭಕ್ತರನ್ನು ಕಳೆದುಕೊಳ್ಳುವ ಅಂಜಿಕೆಯಿಂದ ಪಂಕ್ತಿಯಲ್ಲಿ ಭೇದವನ್ನು ಒಪ್ಪಿಕೊಂಡ ದಿನವೇ ಅದು ರಾಜಕೀಯ ಮಾಡಿತ್ತು. ಆಗ ಮಾತ್ರ ಯಾರೂ ಅದನ್ನು ರಾಜಕೀಯವೆಂದು ಕರೆಯಲಿಲ್ಲ.

ಪಂಕ್ತಿಯ ಬಳಿಕ ಶಾಲೆ. ಮಠದ ಶಾಲೆಗಳಲ್ಲಿ ಓದಿದ ನಮಗೆ ಈ ಅಧ್ಯಾಯ ಬಹು ಹತ್ತಿರದ್ದು. ಆ ದೇಶದಲ್ಲಿ ಕರಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಶಾಲೆಗಳಲ್ಲಿ ಬಹುಪಾಲು ಚರ್ಚುಗಳವು. ಸರ್ಕಾರ ಅನುದಾನ ಕೊಡುತ್ತಿತ್ತು. 1953ರ ಬಂಟು ಶಿಕ್ಷಣ ಕಾಯಿದೆಯು ಅವುಗಳನ್ನು ಸರ್ಕಾರದ ಹತೋಟಿಗೆ ತರಲು ಹೊರಟಿತು. ಆ ಖಾತೆಯ ಮಂತ್ರಿ ವೆರ್ವೋರ್ಡ್ ತಮ್ಮ ಉದ್ದೇಶವನ್ನು ಮುಚ್ಚಿಡಲಿಲ್ಲ. ಬಿಳಿಯರ ಸಮಾಜದಲ್ಲಿ ಕೆಲವು ಬಗೆಯ ದುಡಿಮೆಗಿಂತ ಮೇಲಿನ ಸ್ಥಾನ ಕರಿಯನಿಗಿಲ್ಲವಾದ್ದರಿಂದ ಅವನಿಗೆ ಅದಕ್ಕೆ ತಕ್ಕಷ್ಟೇ ಶಿಕ್ಷಣ ಸಾಕೆಂಬುದು ಅವರ ವಾದ. ಚರ್ಚುಗಳ ಮುಂದೆ ಎರಡೇ ದಾರಿಗಳಿದ್ದವು: ಶಾಲೆಗಳನ್ನು ಒಪ್ಪಿಸುವುದು, ಇಲ್ಲವೆ ಅನುದಾನವನ್ನು ಕಳೆದುಕೊಳ್ಳುವುದು.

ಹೆಚ್ಚಿನವರು ಒಪ್ಪಿಸಿದರು. ಶಾಲೆಯೇ ಇಲ್ಲದಿರುವುದಕ್ಕಿಂತ ಕೆಟ್ಟ ಶಾಲೆಯಾದರೂ ಇರಲಿ, ಮಕ್ಕಳು ಬೀದಿಪಾಲಾಗದಿರಲಿ ಎಂದು ಅವರು ನುಡಿದರು. ಅದು ಹಗುರವಾದ ಮಾತಲ್ಲ. ಮಕ್ಕಳನ್ನು ಸಾಕಿ ಓದಿಸಿದ ಯಾವ ಸಂಸ್ಥೆಯೂ ಅದನ್ನು ನಗೆಯಾಡಲಾರದು. ಆದರೂ ಬೇರೆ ದಾರಿ ಹಿಡಿದವರಿದ್ದರು. ಜೊಹಾನ್ಸ್‌ಬರ್ಗಿನ ಆಂಗ್ಲಿಕನ್ ಬಿಷಪ್ ಆಂಬ್ರೋಸ್ ರೀವ್ಸ್, ಗುಲಾಮಗಿರಿ ಕಲಿಸುವ ಶಿಕ್ಷಣಕ್ಕೆ ತಮ್ಮ ಶಾಲೆಗಳನ್ನು ಕೊಡೆನೆಂದು ಅವುಗಳನ್ನು ಮುಚ್ಚಿಬಿಟ್ಟರು. ಆಲಿವರ್ ಟಾಂಬೋ ಓದಿ, ಮುಂದೆ ಗಣಿತದ ಉಪಾಧ್ಯಾಯರಾಗಿದ್ದ ಸೇಂಟ್ ಪೀಟರ್ಸ್ ಶಾಲೆಯೂ ಹೀಗೆಯೇ ಬಾಗಿಲು ಹಾಕಿತು. ರೋಮನ್ ಕ್ಯಾಥೊಲಿಕರು ಭಕ್ತರಿಂದ ನಿಧಿ ಕೂಡಿಸಿ, ಅನುದಾನವಿಲ್ಲದೆಯೇ ತಮ್ಮ ಶಾಲೆಗಳನ್ನು ನಡೆಸಲು ಮುಂದಾದರು. 1976ರಲ್ಲಿ ಅವರ ಸನ್ಯಾಸಿನಿಯರು, ಬಿಳಿಯರಿಗೆಂದೇ ಇದ್ದ ಶಾಲೆಗಳಿಗೆ ಕಾನೂನನ್ನು ಮೀರಿ ಇತರ ಮಕ್ಕಳನ್ನು ಸೇರಿಸಿಕೊಳ್ಳತೊಡಗಿದರು. ಅಂದು ತರುಣ ಶಿಕ್ಷಕರಾಗಿದ್ದ ಟೂಟೂ ಈ ಶಿಕ್ಷಣ ಪದ್ಧತಿಯನ್ನು ಪ್ರತಿಭಟಿಸಿ ಉಪಾಧ್ಯಾಯ ವೃತ್ತಿಯನ್ನೇ ತೊರೆದು ಧರ್ಮಸೇವೆಗೆ ಬಂದರು.

ಇದೇ ಶಾಲೆಗಳ ಫಲವಾಗಿ ಬೆಳೆದ ಮತ್ತೊಬ್ಬ ಮಹನೀಯರು ಆಲ್ಬರ್ಟ್ ಲುಟುಲಿ. ಮಿಷನ್ನಿನ ಆಡಮ್ಸ್ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಕಲಿಸಿ, ತಮ್ಮ ಜನರ ಮುಖ್ಯಸ್ಥರಾದವರು, ಚರ್ಚಿನ ಉಪದೇಶಕರು. 1938ರಲ್ಲಿ ಮದರಾಸಿನ ಬಳಿಯ ತಾಂಬರಮ್ಮಿನಲ್ಲಿ ನೆರೆದ ಅಂತರರಾಷ್ಟ್ರೀಯ ಕ್ರೈಸ್ತ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಬಂದು ನಮ್ಮ ನಾಡಿನ ನೆಲವನ್ನು ತುಳಿದವರು. 1952ರಲ್ಲಿ ಸರ್ಕಾರವು, ಮುಖ್ಯಸ್ಥನ ಸ್ಥಾನ ಬೇಕೋ ಆಫ್ರಿಕನ್ ರಾಷ್ಟ್ರೀಯ ಕಾಂಗ್ರೆಸ್ಸು ಬೇಕೋ ಆರಿಸಿಕೊಳ್ಳೆಂದಿತು. ಅವರು ಸ್ಥಾನವನ್ನು ಕಳೆದುಕೊಂಡರು, ಮಾತನ್ನು ಕಳೆದುಕೊಳ್ಳಲಿಲ್ಲ. 1960ನೆಯ ಸಾಲಿನ ನೊಬೆಲ್ ಶಾಂತಿ ಪಾರಿತೋಷಕ ಅವರದಾಯಿತು.

ಆ ವರ್ಷವೇ ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ, ಕರಿಯರು ಸದಾ ರಹದಾರಿ ಪತ್ರ ಹೊತ್ತು ತಿರುಗಬೇಕೆಂಬ ಕಾನೂನನ್ನು ಪ್ರತಿಭಟಿಸಲು ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಧಿಕೃತ ಲೆಕ್ಕದಂತೆಯೇ 69 ಮಂದಿ ಸತ್ತರು. ಡಿಸೆಂಬರಿನಲ್ಲಿ ಜೊಹಾನ್ಸ್‌ಬರ್ಗಿನ ಕಾಟೆಸ್ಲೋದಲ್ಲಿ ಜಾಗತಿಕ ಚರ್ಚುಗಳ ಮಂಡಳಿಯ ಆಶ್ರಯದಲ್ಲಿ ಚರ್ಚುಗಳ ಪ್ರತಿನಿಧಿಗಳು ಸೇರಿ, ಬಣ್ಣದ ಕಾರಣದಿಂದ ಯಾವ ವಿಶ್ವಾಸಿಯನ್ನೂ ಯಾವ ಚರ್ಚಿನಿಂದಲೂ ಹೊರಗಿಡಲಾಗದು, ಅಂತರ್ವರ್ಣ ವಿವಾಹವನ್ನು ನಿಷೇಧಿಸಲು ಶಾಸ್ತ್ರದಲ್ಲಿ ಆಧಾರವಿಲ್ಲ ಎಂದು ಒಪ್ಪಿದರು. ಡಚ್ ಸುಧಾರಿತ ಚರ್ಚಿನ ಪ್ರತಿನಿಧಿಗಳೂ ಅಲ್ಲಿದ್ದರು. ಅಷ್ಟರಲ್ಲಿ ಪ್ರಧಾನಿಯಾಗಿದ್ದ ವೆರ್ವೋರ್ಡರು ಮುಖ ಗಂಟಿಕ್ಕಿದರು. ಮರುವರ್ಷವೇ ಆ ಚರ್ಚಿನ ಪ್ರಾಂತೀಯ ಮಹಾಸಭೆಗಳು ತಮ್ಮ ಪ್ರತಿನಿಧಿಗಳ ಮಾತನ್ನೇ ತಳ್ಳಿಹಾಕಿ ಜಾಗತಿಕ ಮಂಡಳಿಯಿಂದ ಹೊರಬಂದವು. "ಧರ್ಮವು ರಾಜಕೀಯದಿಂದ ದೂರವಿರಲಿ" ಎಂಬ ಘೋಷಣೆಯ ನಿಜವಾದ ಅರ್ಥ ಇದೇ ಅಲ್ಲವೇ? ಧರ್ಮವು ರಾಜ್ಯವನ್ನು ಪ್ರಶ್ನಿಸಬಾರದು. ರಾಜ್ಯವು ಧರ್ಮಕ್ಕೆ ಅಪ್ಪಣೆ ಕೊಡಬಹುದು!

ಆ ಪ್ರತಿನಿಧಿಗಳಲ್ಲಿ ಮಾತು ಹಿಂತೆಗೆದುಕೊಳ್ಳದವರು ಬೇಯರ್ಸ್ ನೌದೆ. ಅವರು ಹೊರಗಿನವರಲ್ಲ, ಆಫ್ರಿಕಾನರ್ ಕುಲೀನರ ಗುಪ್ತಸಂಘದ ಸದಸ್ಯರು, ಅವರ ತಂದೆ ಆ ಸಂಘವನ್ನು ಕಟ್ಟಿದವರಲ್ಲೊಬ್ಬರು. 1963ರಲ್ಲಿ ಎಲ್ಲ ವರ್ಣದವರೂ ಕೂಡಿ ನಡೆಸುವ ಕ್ರೈಸ್ತ ಸಂಸ್ಥೆಯೊಂದರ ನಿರ್ದೇಶಕರಾಗಲು ಒಪ್ಪಿದಾಗ, ಪಾದ್ರಿಯ ಪದವಿ ಬೇಕೋ ಆ ಸಂಸ್ಥೆ ಬೇಕೋ ಎಂದು ಚರ್ಚು ಕೇಳಿತು. ಅವರು ವೇದಿಕೆಯಿಂದ ಇಳಿದು ಹೋದರು. 1977ರಲ್ಲಿ ಸ್ಟೀವ್ ಬೀಕೋ ಎಂಬ ತರುಣ ನಾಯಕ ಪೊಲೀಸರ ಬಂಧನದಲ್ಲಿ ಸತ್ತ ಮರುತಿಂಗಳು ಸರ್ಕಾರವು ಆ ಸಂಸ್ಥೆಯನ್ನೇ ನಿಷೇಧಿಸಿ, ನೌದೆಯವರ ಮೇಲೆ 1984ರವರೆಗೆ ನಿರ್ಬಂಧ ಹೇರಿತು. ಏಕಕಾಲಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಯೊಡನೆ ಮಾತನಾಡುವಂತಿಲ್ಲ, ಅವರ ಮಾತನ್ನು ಯಾವ ಪತ್ರಿಕೆಯೂ ಅಚ್ಚು ಮಾಡುವಂತಿಲ್ಲ. ಏಳು ವರ್ಷಗಳ ಮೌನ! ಆದರೆ ಆ ಬಲವಂತದ ಮೌನಕ್ಕೂ, ಭಕ್ತರ ಹಿತಕ್ಕೆಂದು ತಾವಾಗಿ ವಹಿಸುವ ಮೌನಕ್ಕೂ ಅಜಗಜಾಂತರವಿದೆ.

ಎದುರುವಾದಿಗಳ ಬಲವಾದ ಆಕ್ಷೇಪವನ್ನು ಬಚ್ಚಿಡುವುದು ನ್ಯಾಯವಲ್ಲ. 1970ರಿಂದ ಜಾಗತಿಕ ಚರ್ಚುಗಳ ಮಂಡಳಿಯು ವರ್ಣದ್ವೇಷ ನಿವಾರಣೆಯ ವಿಶೇಷ ನಿಧಿಯಿಂದ ಆಫ್ರಿಕದ ವಿಮೋಚನಾ ಸಂಘಟನೆಗಳಿಗೆ ಧನಸಹಾಯ ಮಾಡಿತು. ಶಿಕ್ಷಣ, ವೈದ್ಯ ಮೊದಲಾದ ಮಾನವೀಯ ಕಾರ್ಯಗಳಿಗೆಂದೇ ಕೊಟ್ಟದ್ದಾದರೂ, ಆಯುಧ ಹಿಡಿದವರಿಗೆ ಚರ್ಚಿನ ಹಣವೇ ಎಂದು ದೊಡ್ಡ ಕೋಲಾಹಲವೆದ್ದಿತು. ಸಾಲ್ವೇಷನ್ ಆರ್ಮಿಯು 1981ರಲ್ಲಿ ಮಂಡಳಿಯನ್ನೇ ಬಿಟ್ಟಿತು. ನಿಧಿ ಮೊದಲಾದಾಗ ಮಂಡಳಿಯ ಕೇಂದ್ರ ಸಮಿತಿಯ ಅಧ್ಯಕ್ಷರಾಗಿದ್ದವರು ಕೇರಳದ ಎಂ. ಎಂ. ಥಾಮಸ್, ನಮ್ಮ ಬೆಂಗಳೂರಿನಲ್ಲಿದ್ದುಕೊಂಡೇ ಧರ್ಮ ಮತ್ತು ಸಮಾಜಗಳ ಅಧ್ಯಯನ ಸಂಸ್ಥೆಯೊಂದನ್ನು ನಡೆಸುತ್ತಿದ್ದವರು. ಹಿಂಸೆಯನ್ನು ಒಪ್ಪದ ನಾವು ಈ ಆಕ್ಷೇಪವನ್ನು ಹಗುರವಾಗಿ ದಾಟಿಹೋಗಲಾರೆವು. ದಯೆಯನ್ನು ಮೂಲವೆಂದು ನಂಬಿದವರಿಗೆ ಬಂದೂಕು ಎಂದಿಗೂ ಪೂಜಾರ್ಹವಲ್ಲ. ಆದರೆ ಒಂದು ಮಾತು ಕೇಳಬೇಕು. ಅದೇ ದೇಶದ ಚರ್ಚುಗಳು ಸರ್ಕಾರಿ ಸೈನ್ಯಕ್ಕೆ ಸಮವಸ್ತ್ರ ತೊಟ್ಟ ಪಾದ್ರಿಗಳನ್ನು ಕಳುಹಿಸುತ್ತಿದ್ದವು. ಆ ಬಂದೂಕುಗಳಿಗೆ ಪ್ರಾರ್ಥನೆ ಸಲ್ಲಿಸಿದಾಗ ಏಳದ ಅಹಿಂಸೆಯ ದನಿ, ಈ ಬಂದೂಕುಗಳ ವಿಚಾರದಲ್ಲಿ ಮಾತ್ರ ಎದ್ದಿತೇಕೆ? ಅಹಿಂಸೆಯು ಇಬ್ಬರಿಗೂ ಸಮನಾದ ವ್ರತವಾಗಬೇಕು. ತುಳಿಸಿಕೊಂಡವನಿಗೆ ಮಾತ್ರ ಹೇರುವ ನಿಯಮವಾದರೆ ಅದು ಅಹಿಂಸೆಯಲ್ಲ, ತುಳಿಯುವವನ ರಕ್ಷಣೆ.

ಕೊನೆಗೆ ಪ್ರಶ್ನೆಯು ಎಲ್ಲಿ ಹುಟ್ಟಿತ್ತೋ ಅಲ್ಲಿಗೇ, ಧರ್ಮದ ಗರ್ಭಗುಡಿಗೇ, ಹಿಂದಿರುಗಿತು. 1982ರಲ್ಲಿ ಆಟವಾದಲ್ಲಿ ಸೇರಿದ ಸುಧಾರಿತ ಚರ್ಚುಗಳ ಜಾಗತಿಕ ಒಕ್ಕೂಟವು, ವರ್ಣಭೇದವನ್ನು ಶಾಸ್ತ್ರದಿಂದ ಸಮರ್ಥಿಸುವುದು ಧರ್ಮಭ್ರಷ್ಟತೆಯೆಂದು ಘೋಷಿಸಿ ಆಫ್ರಿಕಾನರ್ ಬಿಳಿಯರ ಎರಡು ಚರ್ಚುಗಳ ಸದಸ್ಯತ್ವವನ್ನು ತಡೆಹಿಡಿಯಿತು. ಅದೇ ವರ್ಷ, 1881ರಲ್ಲಿ ಹೊರಗಿರಿಸಲ್ಪಟ್ಟವರ ಚರ್ಚೇ ಕೇಪ್‌ಟೌನಿನ ಬಳಿಯ ಬೆಲ್ಹಾರಿನಲ್ಲಿ ಸೇರಿ, ಐಕ್ಯ, ಸಂಧಾನ, ನ್ಯಾಯಗಳನ್ನು ಸಾರುವ ವಿಶ್ವಾಸಪತ್ರವೊಂದನ್ನು ರಚಿಸಿತು. ಪಂಕ್ತಿಯಿಂದ ಎಬ್ಬಿಸಲ್ಪಟ್ಟವರ ಮಕ್ಕಳು, ಎಬ್ಬಿಸಿದವರಿಗೆ ಧರ್ಮವೇನೆಂದು ಬರೆದು ಕೊಟ್ಟರು. 1985ರ ಕೈರೋಸ್ ಪತ್ರವು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ರಾಜ್ಯವನ್ನು ಸಮರ್ಥಿಸುವ ಧರ್ಮಬೋಧೆಯನ್ನು ಖಂಡಿಸಿದ್ದು ಸಹಜವೇ. ಅದರ ಹರಿತವಾದ ಅಲಗು ತಿರುಗಿದ್ದು ಮಧ್ಯದಲ್ಲಿದ್ದ ಸಭ್ಯರ ಕಡೆಗೆ: ಎರಡೂ ಕಡೆಯವರು ಸಮಾಧಾನದಿಂದಿರಲಿ ಎನ್ನುವವರ ಕಡೆಗೆ, ಅನ್ಯಾಯ ತೊಲಗುವ ಮೊದಲೇ ಸಂಧಾನದ ಮಾತನಾಡುವವರ ಕಡೆಗೆ.

ಆ ಏಟು ತಗಲಬೇಕಾದವರು ಡಚ್ ಚರ್ಚಿನವರಷ್ಟೇ ಅಲ್ಲ. ಇಂಗ್ಲಿಷ್ ಮಾತನಾಡುವ ಚರ್ಚುಗಳು ವರ್ಷ ವರ್ಷವೂ ವರ್ಣಭೇದವನ್ನು ಖಂಡಿಸಿ ನಿರ್ಣಯ ಮಾಡುತ್ತಿದ್ದವು. ಅದೇ ಚರ್ಚುಗಳಲ್ಲಿ ಬಿಳಿಯ ಪಾದ್ರಿಗೊಂದು ಸಂಬಳ, ಕರಿಯ ಪಾದ್ರಿಗೊಂದು ಸಂಬಳ ಇತ್ತು. ನಿರ್ಣಯ ಪುಸ್ತಕದಲ್ಲಿ ಸಮತೆ, ಲೆಕ್ಕದ ಪುಸ್ತಕದಲ್ಲಿ ಭೇದ! ಧರ್ಮಸಂಸ್ಥೆಯು ಯಾವ ಪಕ್ಷವೆಂದು ತಿಳಿಯಬೇಕಾದರೆ ಎರಡನೆಯ ಪುಸ್ತಕವನ್ನೇ ತೆರೆದು ನೋಡಬೇಕು.

ಸತ್ಯ ನುಡಿಯಲು ಬೆಲೆ ತೆರಬೇಕಾಗುತ್ತದೆ. ಚರ್ಚುಗಳ ಪರಿಷತ್ತಿನ ಕೇಂದ್ರ ಕಾರ್ಯಾಲಯವಾಗಿದ್ದ ಖೋಟ್ಸೋ ಹೌಸ್ ಎಂಬ ಕಟ್ಟಡವನ್ನು 1988ರ ಆಗಸ್ಟಿನಲ್ಲಿ ಸರ್ಕಾರದ ಪೊಲೀಸರೇ ಬಾಂಬಿಟ್ಟು ಉರುಳಿಸಿದರು. ಮರುವರ್ಷ ಪರಿಷತ್ತಿನ ಪ್ರಧಾನ ಕಾರ್ಯದರ್ಶಿ, ಪಾದ್ರಿ ಫ್ರಾಂಕ್ ಚಿಕಾನೆಯವರ ಬಟ್ಟೆಗೆ ವಿಷ ಹಚ್ಚಿದರು. ಅವರು ಸಾವಿನ ಬಾಗಿಲು ತಟ್ಟಿ ಬದುಕಿದರು. ಡಚ್ ಸುಧಾರಿತ ಚರ್ಚು ಕೂಡ 1986ರಲ್ಲಿ ವರ್ಣಭೇದದ ಸಮರ್ಥನೆ ತಪ್ಪೆಂದು ಒಪ್ಪಿ ಎಲ್ಲ ವರ್ಣದವರಿಗೂ ಬಾಗಿಲು ತೆರೆಯಿತು. ಕೂಡಲೇ ಏನಾಯಿತು? ಬಿಳಿಯರಿಗೆ ಮಾತ್ರವೇ ಚರ್ಚು ಬೇಕೆಂದ ಭಕ್ತರು 1987ರಲ್ಲಿ ಒಡೆದು ಬೇರೆ ಚರ್ಚು ಕಟ್ಟಿಕೊಂಡರು. 1857ರಲ್ಲಿ ಗುರುಗಳು ಯಾವುದಕ್ಕೆ ಹೆದರಿದ್ದರೋ ಅದು ನಡೆದೇ ಹೋಯಿತು. ನೂರಮೂವತ್ತು ವರ್ಷ ಮುಂದೂಡಿದ್ದರಿಂದ ಉಳಿದದ್ದು ಭಕ್ತರಲ್ಲ. ಬೆಳೆದದ್ದು ಪಾಪದ ಬಡ್ಡಿ. 1994ರಲ್ಲಿ ಎಲ್ಲರಿಗೂ ಮತಾಧಿಕಾರ ಬಂದು ನೆಲ್ಸನ್ ಮಂಡೇಲಾ ಅಧ್ಯಕ್ಷರಾದರು. 1997ರ ನವೆಂಬರಿನಲ್ಲಿ ಟೂಟೂ ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗದ ಮುಂದೆ ಈಸ್ಟ್ ಲಂಡನ್ ನಗರದಲ್ಲಿ ಧರ್ಮಸಂಸ್ಥೆಗಳು ಒಂದಾದ ಮೇಲೊಂದು ನಿಂತು ತಮ್ಮ ತಪ್ಪೊಪ್ಪಿಗೆಗಳನ್ನು ಓದಿದವು.

ಇಂತಹ ದನಿಯು ಒಂದು ಪಕ್ಷದ ತುತ್ತೂರಿಯೆಂದು ಜರೆಯುವವರು ಟೂಟೂ ಅವರ ಮುಂದಿನ ನಡೆಯನ್ನು ಗಮನಿಸಬೇಕು. 2011ರಲ್ಲಿ ಅವರ 80ನೆಯ ಹುಟ್ಟುಹಬ್ಬಕ್ಕೆ ಬರಬೇಕಾಗಿದ್ದ ದಲಾಯಿ ಲಾಮಾ ಅವರಿಗೆ ಪ್ರವೇಶಪತ್ರ ಸಕಾಲದಲ್ಲಿ ದೊರೆಯದಿದ್ದಾಗ, ತಾವೇ ಹೋರಾಡಿ ತಂದ ಸ್ವಾತಂತ್ರ್ಯದ ಸರ್ಕಾರವನ್ನು ಅವರು ಹಳೆಯ ಸರ್ಕಾರವನ್ನು ಬೈದಷ್ಟೇ ಖಾರವಾಗಿ ಬೈದರು. 2021ರಲ್ಲಿ ಅವರು ಕಣ್ಮುಚ್ಚುವವರೆಗೂ ಆ ನಾಲಗೆ ಯಾರಿಗೂ ಅಡವಾಗಲಿಲ್ಲ.

ಇನ್ನೊಂದು ಘಟನೆ ನಮ್ಮವರ ಮನಸ್ಸಿಗೆ ನೇರವಾಗಿ ತಟ್ಟುವಂಥದು. ಬಾಂಬಿನ ಕಾಲದಲ್ಲಿ ಪೊಲೀಸ್ ಮಂತ್ರಿಯಾಗಿದ್ದ ಏಡ್ರಿಯಾನ್ ವ್ಲಾಕ್ 2006ರಲ್ಲಿ ಚಿಕಾನೆಯವರ ಕಚೇರಿಗೆ ತಾವೇ ನಡೆದು ಬಂದು, ನೀರು ತಂದು, ಅವರ ಪಾದಗಳನ್ನು ತೊಳೆದರು. ಪಾದ ತೊಳೆಯುವುದರ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣು ತೇವವಾಗುವ ದೃಶ್ಯವದು. ಆದರೆ ಅಷ್ಟಕ್ಕೇ ಲೆಕ್ಕ ಚುಕ್ತಾ ಆಗಲಿಲ್ಲ, ಆಗಲೂಬಾರದು. ಮರುವರ್ಷ ಅವರು ನ್ಯಾಯಾಲಯದಲ್ಲಿ ನಿಂತು ಕೊಲೆಯತ್ನದ ತಪ್ಪನ್ನು ಒಪ್ಪಿಕೊಂಡು ಅಮಾನತಿನಲ್ಲಿಟ್ಟ ಶಿಕ್ಷೆಯನ್ನು ತಲೆಬಾಗಿ ಸ್ವೀಕರಿಸಿದರು. ಪಾದೋದಕದ ಜೊತೆಗೆ ನ್ಯಾಯಾಲಯ, ಪಶ್ಚಾತ್ತಾಪದ ಜೊತೆಗೆ ಸತ್ಯ. ಎರಡರಲ್ಲಿ ಒಂದನ್ನೇ ಸಾಕೆನ್ನುವವರನ್ನು ನಂಬಬೇಡಿರಿ.

ಬಂಧುಗಳೇ, ಈ ಕಥೆಯಲ್ಲಿ ನಮ್ಮ ಸ್ಥಾನ ಯಾವುದು? ಟೂಟೂ, ನೌದೆಯಂಥವರ ಸ್ಥಾನದಲ್ಲಿ ನಮ್ಮನ್ನು ಇಟ್ಟುಕೊಂಡು ಹಿಗ್ಗುವುದು ಸುಲಭ. ಆದರೆ ಈ ಬರಹವನ್ನು ಓದುತ್ತಿರುವ ನಾವು ಬಹುಮಟ್ಟಿಗೆ ಪೀಠದ ಮೇಲಿರುವವರಲ್ಲ, ಪೀಠದ ಮುಂದೆ ಕುಳಿತವರು. 1857ರ ನಿರ್ಣಯದಲ್ಲಿ ಹೆಸರಿಲ್ಲದೆ ಬರುವ ಆ 'ಕೆಲವರು' ಯಾರು? ಪಾದ್ರಿಗಳಲ್ಲ, ಮಂತ್ರಿಗಳಲ್ಲ. ವಂತಿಗೆ ಕೊಡುತ್ತಿದ್ದ, ತಪ್ಪದೆ ಆರಾಧನೆಗೆ ಬರುತ್ತಿದ್ದ, ಊರಿನಲ್ಲಿ ಮರ್ಯಾದಸ್ಥರಾಗಿದ್ದ ಸಾಮಾನ್ಯ ಭಕ್ತರು. ಅವರು ಯಾರನ್ನೂ ಕೊಲ್ಲಲಿಲ್ಲ. ಇಂಥವರ ಪಕ್ಕದಲ್ಲಿ ಕೂಡಲಾರೆವೆಂದು ಮಾತ್ರ ಅಂದರು. ಗುರುಗಳು ಅವರನ್ನು ಕಳೆದುಕೊಳ್ಳಲು ಹೆದರಿದರು. ಅಷ್ಟರಿಂದಲೇ ಮುಂದಿನದೆಲ್ಲ ನಡೆಯಿತು.

ಧರ್ಮಗುರುಗಳು ಮೌನವಾಗಿರುವಾಗ ಅವರನ್ನು ಮೌನಕ್ಕೆ ದೂಡುವವರು ಅನೇಕ ವೇಳೆ ನಾವೇ. ಗುರುಗಳು ಹೊರಗೆ ನಿಂತವನ ಪರವಾಗಿ ಒಂದು ಮಾತನಾಡಿದರೆ "ಇದೆಲ್ಲ ಇವರಿಗೇಕೆ" ಎಂದು ಗೊಣಗುವ ದನಿ, ಮುಂದಿನ ವರ್ಷದ ಕಾಣಿಕೆಯನ್ನು ತಡೆಹಿಡಿಯುವ ಕೈ, ಪಂಕ್ತಿಯಲ್ಲಿ ತುಸು ಸರಿದು ಕೂಡುವ ಮೈ ನಮ್ಮದಾಗದಿರಲಿ. ಒಂದೇ ಸಾಲಿನಲ್ಲಿ ಕುಳಿತು ಉಂಡು ಬೆಳೆದವರು ನಾವು; ಅನ್ನದ ಆ ಋಣ ದೊಡ್ಡದು. ನಿಮ್ಮ ಗುರುಗಳು ನ್ಯಾಯದ ಮಾತನಾಡುವ ದಿನ ಬಂದಾಗ, ಅವರು ಯಾರಿಗೂ ಹೆದರಬೇಕಾಗದಂತೆ ಅವರ ಮುಂದೆ ಕುಳಿತಿರಿ. ಪಕ್ಕದ ಎಲೆಯ ಮುಂದೆ ಯಾರು ಕುಳಿತಿದ್ದಾರೆಂದು ಕೇಳದೆ ಕುಳಿತಿರಿ.